ಕ್ಯಾಂಪೋದಿಂದ ವಾರ್ನರ್ ಸ್ಪ್ರಿಂಗ್ಸ್‌ಗೆ: ಬೆನ್ನ ಮೇಲೆ ನೀರು ಹೊತ್ತ ಏಳು ದಿನ

ಹೊರಡುವ ಮುಂಚೆ

ಏಪ್ರಿಲ್‌ನಲ್ಲಿ ಎರಡು ವಾರ ನಮ್ಮ ಮನೆಯ ಫ್ರಿಜ್ ಬಾಗಿಲ ಮೇಲೆ ಒಂದು ಹಾಳೆ ಅಂಟಿಕೊಂಡಿತ್ತು. ಎಡಗಡೆ ಮೈಲಿ, ಬಲಗಡೆ ನೀರು. ಮೈಲಿ 20, ನಲ್ಲಿ. ಮೈಲಿ 42, ಅಂಗಡಿ. ಮೈಲಿ 59, ಕುದುರೆ ತೊಟ್ಟಿ. ಮೈಲಿ 68, ಸಿಮೆಂಟ್ ತೊಟ್ಟಿ. ಮೈಲಿ 77, ಒಂದು ದೊಡ್ಡ ಪ್ರಶ್ನೆ ಚಿಹ್ನೆ. ಮೈಲಿ 101, ಒರತೆ.

"ದಿನಸಿ ಪಟ್ಟಿ ಅನ್ಕೊಂಡೆ ಕಣ್ರೀ" ಎಂದಳು ಹೆಂಡತಿ. ಒಂದು ಲೆಕ್ಕದಲ್ಲಿ ಅದು ದಿನಸಿ ಪಟ್ಟಿಯೇ. ಅಂಗಡಿಗಳು ಮಾತ್ರ ಹತ್ತಿಪ್ಪತ್ತು ಮೈಲಿಗೊಂದು, ಕೆಲವು ಬಾಗಿಲು ಹಾಕಿರುತ್ತವೆ.

ಇದು ಪೆಸಿಫಿಕ್ ಕ್ರೆಸ್ಟ್ ಟ್ರೈಲ್, ನಡೆಯುವವರ ಬಾಯಲ್ಲಿ ಪಿಸಿಟಿ. ಮೆಕ್ಸಿಕೋ ಗಡಿಯಿಂದ ಕೆನಡಾವರೆಗೆ 2650 ಮೈಲಿಯ ಕಾಲುದಾರಿ. ಪೂರ್ತಿ ನಡೆಯುವವರಿಗೆ ಸಾಮಾನ್ಯವಾಗಿ ಐದು ತಿಂಗಳು ಹಿಡಿಯುತ್ತದೆ. ನಮಗೆ ಸಿಕ್ಕಿದ್ದು ಒಂದು ವಾರ ರಜೆ. ಅದಕ್ಕೇ ಮೊದಲ ತುಂಡು ಮಾತ್ರ: ಗಡಿ ಪಕ್ಕದ ಕ್ಯಾಂಪೋದಿಂದ ವಾರ್ನರ್ ಸ್ಪ್ರಿಂಗ್ಸ್‌ವರೆಗೆ 109 ಮೈಲಿ. ನಮ್ಮ ಲೆಕ್ಕದಲ್ಲಿ 175 ಕಿಲೋಮೀಟರ್.

ನಾವು ಅಂದರೆ ನಾನು, ನನ್ನ ಭಾಮೈದ. ನಾನು ಚಳ್ಳಕೆರೆ ಕಡೆಯವನು. ಸ್ಯಾನ್ ಡಿಯಾಗೋಗೆ ಬಂದು ಹದಿನಾಲ್ಕು ವರ್ಷವಾಯಿತು. ಅವನು ಬೆಂಗಳೂರು ಹುಡುಗ, ಈಗ ಕ್ಯಾಲಿಫೋರ್ನಿಯಾದ ಪಕ್ಕದ ರಾಜ್ಯದಲ್ಲಿ ಓದುತ್ತಿದ್ದಾನೆ. ಅವನಿಗೆ ನೀರು ಅಂದರೆ ನಲ್ಲಿ ತಿರುಗಿಸಿದರೆ ಬರುವಂಥದ್ದು. ನಮ್ಮೂರಲ್ಲಿ ಬೇಸಿಗೆ ಬಂದರೆ ಟ್ಯಾಂಕರ್ ಬರುತ್ತಿತ್ತು, ಮನೆಗೆ ಎಂಟು ಬಿಂದಿಗೆ. ಮುಖ ತೊಳೆಯಲು ಒಂದು ಚೊಂಬಿಗಿಂತ ಜಾಸ್ತಿ ತಗೊಂಡರೆ ಅಮ್ಮ ಬಯ್ಯುತ್ತಿದ್ದಳು. ಹಾಗಾಗಿ ನೀರಿನ ಖಾತೆ ನಾನೇ ವಹಿಸಿಕೊಂಡೆ. ಸ್ವಲ್ಪ ಜಂಬದಿಂದಲೇ.

ಲೆಕ್ಕ ಹೀಗೆ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಇದರಲ್ಲಿ ರಿಯಾಯಿತಿ ಇಲ್ಲ. ಟೆಂಟನ್ನು ಹಗುರ ಮಾಡಬಹುದು, ಹಲ್ಲುಜ್ಜುವ ಬ್ರಷ್ಷಿನ ಹಿಡಿ ಮುರಿದು ಹಾಕಬಹುದು. ನೀರನ್ನು ಹಗುರ ಮಾಡುವ ತಂತ್ರ ಯಾರಿಗೂ ಗೊತ್ತಿಲ್ಲ. ಪಿಸಿಟಿ ನಡೆದವರು ತಂಪಿನಲ್ಲಿ ಐದು ಮೈಲಿಗೆ ಒಂದು ಲೀಟರ್ ಅನ್ನುತ್ತಾರೆ. ಏಪ್ರಿಲ್ ಕೊನೆಯ ಬಿಸಿಲಿಗೆ ನಾನು ನಾಲ್ಕು ಮೈಲಿಗೆ ಒಂದು ಎಂದು ಹಿಡಿದೆ. ರಾತ್ರಿ ನೀರಿಲ್ಲದ ಕಡೆ ಮಲಗುವುದಾದರೆ ಅಡುಗೆಗೂ ಬೆಳಗಿನ ಕಾಫಿಗೂ ಇನ್ನೊಂದು ಲೀಟರ್. ಅದರ ಮೇಲೆ ಆಪತ್ತಿಗೆ ಅರ್ಧ.

"ಭಾವ, ಅಷ್ಟೊಂದು ಯಾಕೆ? ಎಲ್ಲರೂ ನಾಲ್ಕು ಲೀಟರ್ ಸಾಕು ಅಂತಾರೆ."

"ಎಲ್ಲರೂ ಅಂದ್ರೆ ಯಾರೋ?"

ಅವನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರ ಹಾಳೆ ಇತ್ತು.

ಆ ಹಾಳೆಗೆ ಆಧಾರ, ನಡೆಯುವವರೇ ತುಂಬಿಸುವ ನೀರಿನ ವರದಿ. ಮುಂದೆ ಹೋದವರು ಯಾವ ಹಳ್ಳ ಹರಿಯುತ್ತಿದೆ, ಯಾವ ತೊಟ್ಟಿ ಒಣಗಿದೆ ಎಂದು ತಾರೀಖು ಹಾಕಿ ಬರೆಯುತ್ತಾರೆ. ನೋಡಬೇಕಾದ್ದು ತಾರೀಖನ್ನು. "ಚೆನ್ನಾಗಿ ಹರಿಯುತ್ತಿದೆ" ಎಂದು ಮೂರು ವಾರದ ಹಿಂದೆ ಬರೆದಿದ್ದರೆ, ಅದು ಮೂರು ವಾರದ ಹಿಂದಿನ ನೀರು.

ಬಾಟಲಿಗಳು ಅಂಗಡಿಯಲ್ಲಿ ಸಿಗುವ ಉದ್ದನೆ ಸ್ಮಾರ್ಟ್‌ವಾಟರ್ ಬಾಟಲಿಗಳು. ಹಗುರ, ಬೇಗ ಒಡೆಯುವುದಿಲ್ಲ. ಸಾಯರ್ ಫಿಲ್ಟರ್ ಅವುಗಳ ಬಾಯಿಗೆ ಸರಿಯಾಗಿ ಕೂರುತ್ತದೆ. ಫಿಲ್ಟರ್ ಕೈಕೊಟ್ಟರೆ ಇರಲಿ ಎಂದು ಕ್ಲೋರಿನ್ ಡೈಆಕ್ಸೈಡ್ ಮಾತ್ರೆ. ಊರಿಂದ ತಂದಿಟ್ಟ ಓಆರ್‌ಎಸ್ ಪೊಟ್ಟಣ ಹತ್ತು. ಊಟಕ್ಕೆ ಗೊಜ್ಜವಲಕ್ಕಿ, ಹುರಿದ ರವೆ, ಚಟ್ನಿಪುಡಿ, ಮಾವಿನ ಉಪ್ಪಿನಕಾಯಿ. ಇದರ ಜತೆ ನಾನು ಒಂದು ಮೂರು ಲೀಟರಿನ ನೀರಿನ ಚೀಲ ಕೊಂಡೆ. ಬೆನ್ನ ಹಿಂದೆ ಇರುತ್ತದೆ, ಕೊಳವೆ ಭುಜದ ಮೇಲೆ ಬರುತ್ತದೆ, ನಡೆಯುತ್ತಲೇ ಹೀರಬಹುದು. ಇದರ ಕಥೆ ಮುಂದಿದೆ.

ಮೊದಲ ದಿನ: ಕ್ಯಾಂಪೋದಿಂದ ಹೌಸರ್ ಹಳ್ಳ, 15 ಮೈಲಿ

ಬೆಳಿಗ್ಗೆ ಏಳಕ್ಕೆ ಹೆಂಡತಿ ಗಡಿಯ ಹತ್ತಿರ ಇಳಿಸಿದಳು. ಎತ್ತರ ತಗ್ಗಿನ ಮರದ ಕಂಬಗಳ ಗುರುತು, ಅದರ ಹಿಂದೆ ಗಡಿ ಗೋಡೆ. ಫೋಟೋ ಆಯಿತು. ಇಬ್ಬರ ಬೆನ್ನ ಮೇಲೂ ಆರೂವರೆ ಲೀಟರ್ ನೀರು. ಲೇಕ್ ಮೊರೆನಾದ ನಲ್ಲಿ ಬರುವವರೆಗೆ 20 ಮೈಲಿ ನಂಬುವಂಥ ನೀರಿಲ್ಲ. ನಡುವೆ ಒಂದೆರಡು ಹಳ್ಳಗಳಿವೆ. ಮಳೆ ಚೆನ್ನಾಗಿ ಆದ ವರ್ಷ ಹರಿಯುತ್ತವೆ, ಇಲ್ಲದಿದ್ದರೆ ಬರೀ ಮರಳು.

ದಾರಿಬದಿ ಸ್ಪ್ಯಾನಿಷ್‌ನಲ್ಲಿ ಒಂದು ಫಲಕ: ಬಿಸಿಲಿಗೆ ಜೀವ ಒಡ್ಡಬೇಡಿ ಅಂತ. ನಮ್ಮಂಥ ರಜೆ ಹಾಕಿ ಬಂದವರಿಗಲ್ಲ ಅದು. ಇದೇ ಗುಡ್ಡಗಳಲ್ಲಿ, ಇದೇ ಬಿಸಿಲಲ್ಲಿ, ಕೈಯಲ್ಲಿ ಒಂದು ಕ್ಯಾನ್ ನೀರು ಹಿಡಿದು ಗಡಿ ದಾಟುವ ಜನರಿದ್ದಾರೆ. ಅವರಿಗೆ ಫ್ರಿಜ್ ಮೇಲಿನ ಹಾಳೆ ಇರುವುದಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಒಂಬತ್ತನೇ ಮೈಲಿಯಲ್ಲಿ ಸೊಂಟ ತಣ್ಣಗಾಯಿತು. ಬೆವರು ಅಂದುಕೊಂಡೆ. ಪ್ಯಾಂಟ್ ಒದ್ದೆ. ಬೆವರು ಅಷ್ಟು ತಣ್ಣಗಿರುವುದಿಲ್ಲ ಅಲ್ವಾ? ಬ್ಯಾಗ್ ಇಳಿಸಿ ನೋಡಿದರೆ ಕೊಳವೆಯ ಬಾಯಿ ಎಲ್ಲೋ ಪಟ್ಟಿಯ ಅಡಿ ಸಿಕ್ಕಿ ಒತ್ತಿಕೊಂಡಿದೆ. ಚೀಲದ ನೀರು ತೊಟ್ಟು ತೊಟ್ಟಾಗಿ ಇಳಿದು ನನ್ನ ಹಾಸಿಗೆಯನ್ನೂ ಪ್ಯಾಂಟನ್ನೂ ತೋಯಿಸಿ ಕ್ಯಾಲಿಫೋರ್ನಿಯಾದ ಮಣ್ಣು ಸೇರಿದೆ. ಹತ್ತಿರ ಹತ್ತಿರ ಒಂದೂವರೆ ಲೀಟರ್ ಹೋಗಿತ್ತು.

ಭಾಮೈದ ನಗಲಿಲ್ಲ. ಅದಕ್ಕೆ ಅವನಿಗೆ ಇವತ್ತಿಗೂ ಋಣಿ. "ಭಾವ, ನನ್ನ ಹತ್ರ ಮೂರೂವರೆ ಇದೆ" ಎಂದಷ್ಟೇ ಹೇಳಿ ಒಂದು ಬಾಟಲಿ ನನ್ನ ಕಡೆ ಚಾಚಿದ.

ಇಬ್ಬರದೂ ಸೇರಿ ಐದೂವರೆ ಲೀಟರ್ ಉಳಿದಿತ್ತು. ನನ್ನ ಸೂತ್ರದ ಪ್ರಕಾರ ಬೇಕಾದ್ದು ಎಂಟೂವರೆ. ನೀರನ್ನು ಹೆಚ್ಚಿಸಲು ಆಗುವುದಿಲ್ಲ, ಖರ್ಚನ್ನು ಕಡಿಮೆ ಮಾಡಬಹುದು. ಹನ್ನೆರಡರಿಂದ ನಾಲ್ಕರವರೆಗೆ ಒಂದು ಬಂಡೆಯ ನೆರಳಲ್ಲಿ ಕದಲದೆ ಬಿದ್ದುಕೊಂಡೆವು. ಮಾತು ಕಡಿಮೆ, ಮೂಗಿನಲ್ಲೇ ಉಸಿರು. ಊರಲ್ಲಿ ದನ ಕಾಯುವವರು ಮಧ್ಯಾಹ್ನ ಬೇವಿನ ಮರದ ಬುಡ ಬಿಟ್ಟು ಏಳುವುದಿಲ್ಲ. ಸೋಮಾರಿತನ ಅಂದುಕೊಂಡಿದ್ದೆ.

ಸಂಜೆ ಹೌಸರ್ ಕಣಿವೆಗೆ ಇಳಿದೆವು. ಹಳ್ಳದಲ್ಲಿ ನೀರಿಲ್ಲ, ಓಕ್ ಮರದ ನೆರಳು ಮಾತ್ರ. ಒಲೆ ಹಚ್ಚಲಿಲ್ಲ. ಅರ್ಧ ಲೋಟ ನೀರಿನಲ್ಲಿ ಗೊಜ್ಜವಲಕ್ಕಿ ನೆನೆಸಿ ತಿಂದೆವು. ಅವಲಕ್ಕಿಯಂಥ ಮರುಭೂಮಿ ಊಟ ಇನ್ನೊಂದಿಲ್ಲ. ಬೆಂಕಿ ಬೇಡ, ಪಾತ್ರೆ ತೊಳೆಯಲು ನೀರು ಬೇಡ, ಹಾಕಿದ ನೀರೆಲ್ಲ ಹೊಟ್ಟೆಗೇ ಹೋಗುತ್ತದೆ. ಪಕ್ಕದಲ್ಲಿ ಟೆಂಟ್ ಹಾಕಿದ್ದ ಹುಡುಗ ನೂಡಲ್ಸ್ ಬೇಯಿಸಿ ಅರ್ಧ ಲೀಟರ್ ಗಂಜಿ ನೀರು ಚೆಲ್ಲಿದ. ನನ್ನ ಎದೆ ಧಸಕ್ ಎಂದಿತು.

ಎರಡನೇ ದಿನ: ಹೌಸರ್‌ನಿಂದ ಸಿಬೆಟ್ಸ್ ಫ್ಲಾಟ್, 17 ಮೈಲಿ

ಐದಕ್ಕೇ ಎದ್ದೆವು. ಹೌಸರ್‌ನಿಂದ ಮೇಲಕ್ಕೆ ಸುಮಾರು ಸಾವಿರ ಅಡಿ ಏರು. ಕ್ಯಾಂಪೋದಿಂದ ಒಂದೇ ದಿನದಲ್ಲಿ ಲೇಕ್ ಮೊರೆನಾ ಮುಟ್ಟುತ್ತೇವೆ ಎಂದು ಹೊರಟವರು ಈ ಏರಿಗೆ ಬರುವುದು ಸರಿಯಾಗಿ ಮಧ್ಯಾಹ್ನ ಎರಡು ಮೂರು ಗಂಟೆಗೆ, ನೀರು ಮುಗಿಯುವ ಹೊತ್ತಿಗೆ. ಬಿಸಿಲು ಹೊಡೆದು ಕೂರುವವರು ಇಲ್ಲೇ. ನಾವು ಚುಮುಚುಮು ಬೆಳಕಿನಲ್ಲಿ ಹತ್ತಿ, ಒಬ್ಬೊಬ್ಬರು ಅರ್ಧ ಲೀಟರ್‌ನಲ್ಲಿ ಮುಗಿಸಿದೆವು.

ಲೇಕ್ ಮೊರೆನಾ ಪಾರ್ಕಿನ ನಲ್ಲಿಯಿಂದ ನೀರು ದಪ್ಪಗೆ ಬಂತು. ಭಾಮೈದ ನಲ್ಲಿ ಕೆಳಗೆ ತಲೆ ಇಟ್ಟು ಐದು ನಿಮಿಷ ಏಳಲಿಲ್ಲ. ಅಲ್ಲೇ ಕೂತು ಒಬ್ಬೊಬ್ಬರು ಒಂದೂವರೆ ಲೀಟರ್ ನಿಧಾನವಾಗಿ ಕುಡಿದೆವು. ನೀರು ಸಿಕ್ಕ ಕಡೆ ಹೊಟ್ಟೆ ತುಂಬ ಕುಡಿದು ಹೊರಟರೆ ಅಷ್ಟು ಕಡಿಮೆ ಹೊರಬಹುದು. ಒಂಟೆಯ ಲೆಕ್ಕ. ಆದರೆ ಒಂದೇ ಉಸಿರಿಗೆ ಸುರಿದುಕೊಂಡರೆ ಅರ್ಧ ಗಂಟೆಯಲ್ಲಿ ಪೊದೆ ಹುಡುಕಬೇಕಾಗುತ್ತದೆ. ತಿಂಡಿ ತಿನ್ನುತ್ತಾ, ಸ್ವಲ್ಪ ಸ್ವಲ್ಪವಾಗಿ ಕುಡಿಯಬೇಕು.

ನೀರಿನ ಚೀಲವನ್ನು ಪಾರ್ಕಿನ ಕಸದ ಡಬ್ಬಿಗೆ ಹಾಕಿದೆ. ಸೋರಿದ್ದಕ್ಕೆ ಮಾತ್ರ ಅಲ್ಲ. ಅದರಲ್ಲಿ ಎಷ್ಟು ನೀರಿದೆ ಅಂತ ಕಾಣುವುದೇ ಇಲ್ಲ. ಬಾಟಲಿ ಭುಜದ ಪಟ್ಟಿಯಲ್ಲಿ ಕಣ್ಣೆದುರಿಗೇ ಇರುತ್ತದೆ. ನಾಲ್ಕು ಬಾಟಲಿ ಇದ್ದರೆ ಒಂದು ಸೋರಿದರೂ ಮೂರು ಉಳಿಯುತ್ತವೆ. ಪಾರ್ಕಿನ ಹತ್ತಿರದ ಅಂಗಡಿಯಲ್ಲಿ ಮೂರು ಬಾಟಲಿ ಕೊಂಡು ಮುಂದೆ ಹೊರಟೆ.

ದೊಡ್ಡ ಹೆದ್ದಾರಿಯ ಸೇತುವೆ ಅಡಿ ದಾಟಿ, ಕಿಚನ್ ಕ್ರೀಕ್ ಕಣಿವೆಯ ಮೇಲಿನಿಂದ ಹೋದೆವು. ಕೆಳಗೆ ನೀರು ಹರಿಯುವುದು ಕಾಣುತ್ತದೆ, ಸದ್ದೂ ಕೇಳುತ್ತದೆ. ಕಾಲುದಾರಿ ಮಾತ್ರ ಎತ್ತರದಲ್ಲೇ ಸಾಗುತ್ತದೆ. ಕ್ರೆಸ್ಟ್ ಅಂದರೆ ಶಿಖರದ ಸಾಲು. ನೀರು ಕೆಳಗೆ ಹರಿಯುತ್ತದೆ, ದಾರಿ ಮೇಲೆ ಹೋಗುತ್ತದೆ. ಇಡೀ ಪ್ರವಾಸದ ತಾಪತ್ರಯ ಇಷ್ಟೇ. ರಾತ್ರಿಗೆ ಮುಕ್ಕಾಲು ಮೈಲಿ ಪಕ್ಕಕ್ಕೆ ಇಳಿದು ಸಿಬೆಟ್ಸ್ ಫ್ಲಾಟ್ ಎನ್ನುವ ಕಡೆ ಟೆಂಟ್ ಹಾಕಿದೆವು. ನಲ್ಲಿ ಇದ್ದದ್ದರಿಂದ ಉಪ್ಪಿಟ್ಟು ಮಾಡಿದೆ.

ಮೂರನೇ ದಿನ: ಮೌಂಟ್ ಲಗೂನಾ, 15 ಮೈಲಿ

ಇವತ್ತು ನೀರಿನ ಚಿಂತೆ ಇಲ್ಲ, ಹಾಗಾಗಿ ಹೇಳುವುದೂ ಕಡಿಮೆ. ಆರು ಸಾವಿರ ಅಡಿಗೆ ಏರಿದರೆ ಪೈನ್ ಕಾಡು, ತಂಪು ಗಾಳಿ, ಅಂಗಡಿ, ಅಂಚೆ ಕಚೇರಿ. ಕೋಲ್ಡ್ ಕಾಫಿ ಕುಡಿದೆವು.

ಊರು ದಾಟಿದ ಮೇಲೆ ದಾರಿ ಗುಡ್ಡದ ಪೂರ್ವದ ಅಂಚಿಗೆ ಬರುತ್ತದೆ. ಒಂದು ಹೆಜ್ಜೆ ಈಚೆ ಪೈನ್ ಮರ. ಆಚೆ ನಾಲ್ಕು ಸಾವಿರ ಅಡಿ ಕೆಳಗೆ ಬೂದು ಕಂದು ಬಣ್ಣದ ಅನ್ಜಾ ಬೊರೆಗೋ ಮರುಭೂಮಿ. ಸಮುದ್ರದಿಂದ ಬಂದ ಮೋಡ ಈ ಗುಡ್ಡ ಹತ್ತುವಾಗಲೇ ತನ್ನಲ್ಲಿದ್ದದ್ದನ್ನು ಸುರಿಸಿಬಿಡುತ್ತದೆ, ಆಚೆಗೆ ಬರೀ ಗಾಳಿ ಇಳಿಯುತ್ತದೆ. ಸಹ್ಯಾದ್ರಿ ಮಳೆಯನ್ನೆಲ್ಲ ಹಿಡಿದಿಟ್ಟುಕೊಂಡು ಚಳ್ಳಕೆರೆಗೆ ಬರೀ ಗಾಳಿ ಕಳಿಸುತ್ತದಲ್ಲ, ಹಾಗೇ. ಆಗುಂಬೆಯ ಪಕ್ಕದಲ್ಲೇ ಚಳ್ಳಕೆರೆ ತಂದಿಟ್ಟರೆ ಹೇಗಿರುತ್ತದೋ ಹಾಗಿತ್ತು ಆ ಅಂಚು. ನಾಳಿದ್ದು ಇಳಿಯಬೇಕಾದ್ದು ಅಲ್ಲಿಗೆ.

ರಾತ್ರಿ ಸೊನ್ನೆಗಿಂತ ಕೆಳಗಿನ ಚಳಿ. ಫಿಲ್ಟರನ್ನು ಒಂದು ಕವರಿಗೆ ಹಾಕಿ ಮಲಗುವ ಚೀಲದ ಒಳಗೆ, ಹೊಟ್ಟೆ ಹತ್ತಿರ ಇಟ್ಟುಕೊಂಡೆ. ಫಿಲ್ಟರ್ ಒಳಗೆ ಕೂದಲಿನಂಥ ಸಣ್ಣ ಕೊಳವೆಗಳಿರುತ್ತವೆ. ಅವುಗಳಲ್ಲಿ ಉಳಿದ ನೀರು ಹೆಪ್ಪುಗಟ್ಟಿದರೆ ಸೀಳಿಹೋಗುತ್ತವೆ, ಆದರೆ ಹೊರಗೆ ಗೊತ್ತಾಗುವುದಿಲ್ಲ. ಎಂದಿನಂತೆ ನೀರು ಸುರಿಸುತ್ತಲೇ ಇರುತ್ತದೆ, ಕ್ರಿಮಿಗಳ ಸಮೇತ. "ಭಾವ, ಮಗು ತರ ನೋಡ್ಕೋತೀರಲ್ಲ" ಎಂದ ಭಾಮೈದ.

ನಾಲ್ಕನೇ ದಿನ: ತೊಟ್ಟಿಯಿಂದ ತೊಟ್ಟಿಗೆ, 20 ಮೈಲಿ

ಮಧ್ಯಾಹ್ನದ ಹೊತ್ತಿಗೆ ಸನ್‌ರೈಸ್ ಎನ್ನುವ ಕಡೆ ಕುದುರೆಗಳಿಗೆ ಕಟ್ಟಿದ ತೊಟ್ಟಿ ಸಿಕ್ಕಿತು. ಮೇಲೆ ಹಸಿರು ಪಾಚಿ, ಒಂದೆರಡು ಜೇನುಹುಳ. ಭಾಮೈದ ನೋಡಿ ಹಿಂದೆ ಸರಿದ. ನನಗೆ ನಮ್ಮೂರ ಗೋಕಟ್ಟೆ ನೆನಪಾಯಿತು. ಪಾಚಿ ಸರಿಸಿ, ಕರವಸ್ತ್ರದಲ್ಲಿ ಸೋಸಿ, ಆಮೇಲೆ ಫಿಲ್ಟರ್ ಹಾಕಿದರೆ ಸ್ಫಟಿಕದಂಥ ನೀರು. ಸ್ವಲ್ಪ ಮಣ್ಣಿನ ವಾಸನೆ ಇತ್ತು, ಅಷ್ಟೇ. ಬಟ್ಟೆಯಲ್ಲಿ ಸೋಸದಿದ್ದರೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಬಿಂದಿಗೆ ಬಾಯಿಗೆ ಸೀರೆ ತುಂಡು ಕಟ್ಟಿ ನೀರು ಹಿಡಿಯುತ್ತಿದ್ದ ಅಮ್ಮನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮೂರು ಗಂಟೆಗೆ ಭಾಮೈದನಿಗೆ ತಲೆನೋವು ಶುರು. ನೀರು ಕಡಿಮೆಯಾಯಿತು ಎಂದು ಇನ್ನಷ್ಟು ಕುಡಿದ. ತಲೆನೋವು ಜಾಸ್ತಿಯಾಯಿತು, ಹೊಟ್ಟೆ ತೊಳೆಸತೊಡಗಿತು. ಕೈ ಬೆರಳು ಊದಿ ಉಂಗುರ ಬಿಗಿಯಾಗಿತ್ತು. ಕೇಳಿದರೆ ಬೆಳಿಗ್ಗೆಯಿಂದ ಬರೀ ನೀರು, ಬರೀ ಸಿಹಿ ಬಾರ್. ಬೆಳಿಗ್ಗೆಯಿಂದ ಉಪ್ಪನ್ನೇ ಮುಟ್ಟಿಲ್ಲ. ಬೆವರಿನಲ್ಲಿ ನೀರಿನ ಜತೆ ಉಪ್ಪೂ ಹೋಗುತ್ತದೆ. ಬರೀ ನೀರು ತುಂಬಿಸುತ್ತಾ ಹೋದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಜಾಸ್ತಿಯಾದರೆ ಜೀವಕ್ಕೇ ಅಪಾಯ. ನಾನು ಡಾಕ್ಟರ್ ಅಲ್ಲ. ಆದರೆ ಇದು ಬಾಯಾರಿಕೆಯ ಲಕ್ಷಣ ಅಂತ ನನಗೆ ಅನ್ನಿಸಲಿಲ್ಲ. ಕೂರಿಸಿ, ನೀರು ನಿಲ್ಲಿಸಿ, ಒಂದು ದೊಡ್ಡ ಹೋಳು ಉಪ್ಪಿನಕಾಯಿ ಕೊಟ್ಟೆ. ಆಮೇಲೆ ಓಆರ್‌ಎಸ್, ಗುಟುಕು ಗುಟುಕಾಗಿ. ಮನಸ್ಸಿನಲ್ಲೇ ವಾಪಸ್ ಹೋಗುವ ದಾರಿ ಹುಡುಕುತ್ತಿದ್ದೆ. ಒಂದೂವರೆ ಗಂಟೆಯಲ್ಲಿ ಎದ್ದು ಕೂತು "ಅನ್ನ ಇದ್ದಿದ್ರೆ ಚೆನ್ನಾಗಿತ್ತು" ಎಂದ. ಇನ್ನು ಪರವಾಗಿಲ್ಲ ಅಂದುಕೊಂಡೆ.

ಕತ್ತಲಾಗುವ ಹೊತ್ತಿಗೆ ರಾಡ್ರಿಗೆಜ್ ಎನ್ನುವ ಕಚ್ಚಾ ರಸ್ತೆಯ ಪಕ್ಕದ ಸಿಮೆಂಟ್ ತೊಟ್ಟಿ. ಕಾಳ್ಗಿಚ್ಚು ಆರಿಸಲು ಕಟ್ಟಿದ್ದು. ನೀರು ತಳದಲ್ಲಿತ್ತು. ಬಾಟಲಿಗೆ ಹಗ್ಗ ಕಟ್ಟಿ ಇಳಿಬಿಟ್ಟೆವು, ಬಾವಿ ಸೇದಿದ ಹಾಗೆ.

ಐದನೇ ದಿನ: ಸಿಸರ್ಸ್ ಕ್ರಾಸಿಂಗ್, 17 ಮೈಲಿ

ಹಾಳೆಯಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದು ಇಲ್ಲಿಗೇ. ರಾಡ್ರಿಗೆಜ್ ತೊಟ್ಟಿ 68ನೇ ಮೈಲಿ. ನಂಬಬಹುದಾದ ಮುಂದಿನ ನೀರು ಬ್ಯಾರೆಲ್ ಸ್ಪ್ರಿಂಗ್, 101ನೇ ಮೈಲಿ. ನಡುವೆ 32 ಮೈಲಿಗೂ ಜಾಸ್ತಿ. ಮಧ್ಯದಲ್ಲಿ ಎರಡು ಹೆದ್ದಾರಿ ಕೂಡುವ ಸಿಸರ್ಸ್ ಕ್ರಾಸಿಂಗ್. ಅಲ್ಲಿ ಒಂದು ಹಳ್ಳ ಇದೆ, ಆದರೆ ವರ್ಷವಿಡೀ ಹರಿಯುವುದಿಲ್ಲ, ದನಗಳೂ ಓಡಾಡುತ್ತವೆ. ಅಲ್ಲಿಂದ ಹೆಚ್ಚಿನವರು ಕೈ ತೋರಿಸಿ ಕಾರು ಹತ್ತಿ ಹನ್ನೆರಡು ಮೈಲಿ ದೂರದ ಜೂಲಿಯನ್ ಊರಿಗೆ ಹೋಗಿ, ನೀರು ತುಂಬಿಸಿ, ಆ ಊರಿನ ಹೆಸರುವಾಸಿ ಸೇಬಿನ ಪೈ ತಿಂದು ಬರುತ್ತಾರೆ. ನಮಗೆ ಅದಕ್ಕಿಂತ ಒಳ್ಳೆಯ ಏರ್ಪಾಡಿತ್ತು: ಹೆಂಡತಿ.

ಒಂಬತ್ತೂವರೆಗೆ ಸೇತುವೆ ಅಡಿಯ ನೆರಳಿಗೆ ತಲುಪಿದೆವು. ಎರಡು ಸಾವಿರ ಚಿಲ್ಲರೆ ಅಡಿ ಎತ್ತರ, ಆಗಲೇ ಕಾವು ಏರಿತ್ತು. ಸುತ್ತ ಚೋಯಾ ಕಳ್ಳಿ, ತುದಿಯಲ್ಲಿ ಕೆಂಪು ಹೂ ಬಿಟ್ಟ ಒಕೊಟಿಯೊ ಗಿಡ, ಮಧ್ಯೆ ನಮ್ಮ ಪಾಪಾಸುಕಳ್ಳಿಯ ದಾಯಾದಿಗಳು. ಪಾಪಾಸುಕಳ್ಳಿಯ ತವರು ಈ ಖಂಡವೇ. ಚಿಕ್ಕಂದಿನಲ್ಲಿ ನಮ್ಮೂರ ಬೇಲಿಯದೇ ಗಿಡ ಅಂದುಕೊಂಡಿದ್ದೆ.

ಹತ್ತೂವರೆಗೆ ಹೆಂಡತಿಯ ಕಾರು ಬಂತು. ಇಪ್ಪತ್ತು ಲೀಟರ್ ಕ್ಯಾನ್, ಎರಡು ಲೀಟರ್ ನೀರುಮಜ್ಜಿಗೆ, ಮೊಸರನ್ನದ ಡಬ್ಬಿ. ತಮ್ಮನ ಮುಖ ನೋಡಿ "ಏನೋ ಇಷ್ಟು ಕರಿದಾಗಿದೀಯ" ಎಂದಳು. ನನಗೆ, "ಇಷ್ಟು ನೀರು ಹೊತ್ಕೊಂಡು ಗುಡ್ಡ ಹತ್ತೋಕೆ ರಜೆ ಹಾಕಿದ್ರಾ?" ಮಜ್ಜಿಗೆ ಕುಡಿಯುತ್ತಿದ್ದೆ, ಉತ್ತರ ಕೊಡಲಿಲ್ಲ. ಉಪ್ಪು, ಇಂಗು, ಕರಿಬೇವು ಹಾಕಿದ ಮಜ್ಜಿಗೆಯ ಮುಂದೆ ಓಆರ್‌ಎಸ್ ಪೊಟ್ಟಣ ಏನೂ ಅಲ್ಲ.

ಈ ಕಣಿವೆಯಲ್ಲೇ 1858ರಿಂದ 1861ರವರೆಗೆ ಬಟರ್‌ಫೀಲ್ಡ್ ಕಂಪನಿಯ ಅಂಚೆ ಕುದುರೆಗಾಡಿಗಳು ಓಡಾಡುತ್ತಿದ್ದವು. ಗಾಡಿ ದಾರಿ ನೀರಿದ್ದ ಕಡೆಗೆಲ್ಲ ಬಾಗಿ ಹೋಗುತ್ತಿತ್ತು. ನಾವು ಅದನ್ನು ಬಿಟ್ಟು ಸ್ಯಾನ್ ಫೆಲಿಪೆ ಗುಡ್ಡಗಳ ಪಕ್ಕೆ ಹಿಡಿದು 24 ಮೈಲಿ ಹೋಗಬೇಕು. ನೆರಳಿಲ್ಲ, ಒಂದು ಒರತೆಯೂ ಇಲ್ಲ.

ಆದರೆ 91ನೇ ಮೈಲಿಯಲ್ಲಿ 'ಮೂರನೇ ಗೇಟ್' ಎನ್ನುವ ಜಾಗವಿದೆ. ಸ್ವಯಂಸೇವಕರು ಅಲ್ಲಿ ನೀರಿನ ಕ್ಯಾನುಗಳನ್ನು ತಂದಿಡುತ್ತಾರೆ. ಎರಡು ದಿನದ ಹಿಂದಿನ ವರದಿ: ಧಾರಾಳವಾಗಿ ಇದೆ.

"ಭಾವ, ಹದಿನಾಲ್ಕು ಮೈಲಿಗೆ ಮೂರೂವರೆ ಲೀಟರ್ ಸಾಕಲ್ವಾ? ಅಲ್ಲಿ ತುಂಬಿಸ್ಕೊಳ್ಳೋಣ."

"ಅದು ಖಾಲಿಯಾಗಿದ್ರೆ?"

"ತುಂಬಿದೆ ಅಂತ ಬರೆದಿದ್ದಾರಲ್ಲ."

"ಎರಡು ದಿನದ ಹಿಂದೆ. ಈ ತಿಂಗಳಲ್ಲಿ ಕ್ಯಾಂಪೋದಿಂದ ದಿನಕ್ಕೆ ಐವತ್ತು ಜನ ಹೊರಡ್ತಾರೆ ಕಣೋ."

ಪಿಸಿಟಿ ಸಂಘದವರೂ ಇದನ್ನೇ ಹೇಳುತ್ತಾರೆ: ಇನ್ನೊಬ್ಬರು ಇಟ್ಟ ನೀರನ್ನು ನಂಬಿ ಹೊರಡಬೇಡಿ. ಸಂಜೆ, ಬೆಳಗಿನ ಜಾವ ಮಾತ್ರ ನಡೆಯುವುದು ಎಂದು ಗಟ್ಟಿ ಮಾಡಿಕೊಂಡರೆ ಆರು ಮೈಲಿಗೆ ಒಂದು ಲೀಟರ್‌ನಲ್ಲಿ ಸಾಗಬಹುದು. 24 ಮೈಲಿಗೆ ನಾಲ್ಕು, ರಾತ್ರಿಗೆ ಒಂದು, ಆಪತ್ತಿಗೆ ಒಂದು. ಆರು ಲೀಟರ್. ಅವನು ಮುಖ ಊದಿಸಿಕೊಂಡೇ ತುಂಬಿಸಿಕೊಂಡ.

ಕ್ಯಾನಿನಲ್ಲಿ ಉಳಿದ ನೀರನ್ನು ಸೇತುವೆ ಅಡಿ ಮಲಗಿದ್ದವರಿಗೆ ಹಂಚಿದಳು ಹೆಂಡತಿ. ಹೀಗೆ ದಾರಿಯಲ್ಲಿ ನೆರವಾಗುವವರನ್ನು ಇಲ್ಲಿ ಟ್ರೈಲ್ ಏಂಜಲ್ ಅನ್ನುತ್ತಾರೆ. ಮೊಸರನ್ನ ತಿಂದ ಒಬ್ಬ ಜರ್ಮನ್ ಹುಡುಗಿ ಅವಳಿಗೆ ನಮಸ್ಕಾರವನ್ನೇ ಮಾಡಿದಳು. ನಾಲ್ಕೂವರೆಗೆ ಹೊರಡುವ ಮುಂಚೆ ಅಲ್ಲೇ ಊಟ ಮುಗಿಸಿದೆವು. ನೀರಿದ್ದ ಕಡೆ ಉಂಡು, ಮುಂದೆ ಹೋಗಿ ಒಣ ಜಾಗದಲ್ಲಿ ಬರೀ ಮಲಗುವುದು. ಇದರಿಂದ ಒಂದು ಹೊತ್ತಿನ ಅಡುಗೆ ನೀರು ಹೊರುವುದು ತಪ್ಪುತ್ತದೆ.

ಆರು ಕಿಲೋ ನೀರು ಏರಿನಲ್ಲಿ ಆರು ಕಿಲೋ ಅನ್ನಿಸುವುದಿಲ್ಲ. ಮೊದಲ ಎರಡು ಮೈಲಿ ಇಬ್ಬರೂ ನನ್ನ ಹಾಳೆಯನ್ನು ಬೈದುಕೊಂಡೆವು, ಒಬ್ಬ ಬಾಯಿಬಿಟ್ಟು, ಇನ್ನೊಬ್ಬ ಮನಸ್ಸಿನಲ್ಲಿ. ಸೂರ್ಯ ಗುಡ್ಡದ ಹಿಂದೆ ಹೋದ ಮೇಲೆ ದಾರಿ ಸುಲಭವಾಯಿತು. ತಲೆದೀಪ ಹಾಕಿಕೊಂಡು ಒಂಬತ್ತರವರೆಗೆ ನಡೆದು, ದಾರಿ ಪಕ್ಕದ ಸಪಾಟು ಜಾಗದಲ್ಲಿ ಟೆಂಟ್ ಹಾಕದೆ ಮಲಗಿದೆವು.

ಆರನೇ ದಿನ: ಬ್ಯಾರೆಲ್ ಸ್ಪ್ರಿಂಗ್, 16 ಮೈಲಿ

ಐದಕ್ಕೆ ಮುಂಚೆಯೇ ಹೊರಟೆವು. ಎಂಟರ ಹೊತ್ತಿಗೆ ಮೂರನೇ ಗೇಟ್. ಸ್ವಲ್ಪ ಕೆಳಗೆ ಸಾಲಾಗಿ ಗ್ಯಾಲನ್ ಕ್ಯಾನುಗಳು, ಹಾರಿಹೋಗದಂತೆ ಹಗ್ಗಕ್ಕೆ ಪೋಣಿಸಿದ್ದರು. ಬಹಳಷ್ಟು ಖಾಲಿ. ತುಂಬಿದ್ದವು ಹತ್ತೋ ಹನ್ನೆರಡೋ. ಅವುಗಳ ಮುಂದೆ ಏಳೆಂಟು ಜನ. ಒಬ್ಬಾತನ ಹತ್ತಿರ ಒಂದು ಹನಿ ನೀರೂ ಉಳಿದಿರಲಿಲ್ಲ, ತುಟಿ ಒಡೆದಿತ್ತು.

ನಮ್ಮ ಹತ್ತಿರ ಒಬ್ಬೊಬ್ಬರಿಗೆ ಮೂರೂವರೆ ಲೀಟರ್ ಇತ್ತು. ಭಾಮೈದ ಕ್ಯಾನುಗಳ ಕಡೆ ನೋಡಿದ, ಆ ಮನುಷ್ಯನ ಕಡೆ ನೋಡಿದ, ಬ್ಯಾಗ್ ಹೆಗಲಿಗೇರಿಸಿ ಮುಂದೆ ನಡೆದ. ಆ ವಿಷಯ ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಹನ್ನೆರಡೂವರೆಗೆ ಬ್ಯಾರೆಲ್ ಸ್ಪ್ರಿಂಗ್. ಓಕ್ ಮರಗಳ ದಟ್ಟ ನೆರಳು, ಒಂದು ಕೊಳವೆ, ಕೆಳಗೆ ತೊಟ್ಟಿ. ಕೊಳವೆಯಿಂದ ಬೆರಳು ಗಾತ್ರದ ನೀರು ಬೀಳುತ್ತಲೇ ಇದೆ. ಯಾರೂ ತಿರುಗಿಸಬೇಕಿಲ್ಲ, ಯಾರೂ ನಿಲ್ಲಿಸುವುದಿಲ್ಲ. ನೋಡುತ್ತಾ ಕೂತೆ.

ಇಬ್ಬರ ಹತ್ತಿರವೂ ಒಂದೂ ಮುಕ್ಕಾಲು ಲೀಟರ್ ಉಳಿದಿತ್ತು. ನನ್ನ ಲೆಕ್ಕ ತಪ್ಪಾಗಿತ್ತು, ಹೊರುವ ಕಡೆಗೆ. ಅಷ್ಟು ನೀರನ್ನು 24 ಮೈಲಿ ಸುಮ್ನೆ ಹೊತ್ತಿದ್ದೆವು. ಐದು ಲೀಟರ್ ಸಾಕಿತ್ತು. ಭಾಮೈದನ ಮೂರೂವರೆ ಮಾತ್ರ ಸಾಲುತ್ತಿರಲಿಲ್ಲ. "ನಿಂದೂ ತಪ್ಪು, ನಂದೂ ತಪ್ಪು" ಎಂದೆ. "ನಿಮ್ಮ ತಪ್ಪು ಭುಜ ನೋಯಿಸ್ತು ಭಾವ, ನನ್ನ ತಪ್ಪು ಪ್ರಾಣ ತೆಗೀತಿತ್ತು" ಎಂದ.

ಬಾಟಲಿಗೆ ಹೊಸ ನೀರು ಹಿಡಿಯಲು ಹಳೆಯದನ್ನು ಮಣ್ಣಿಗೆ ಬಗ್ಗಿಸಿದ.

"ಲೇ, ಚೆಲ್ಲಬೇಡ! ಗಿಡದ ಬುಡಕ್ಕೆ ಹಾಕು."

ನನ್ನ ಬಾಯಿಂದ ಬಂದದ್ದು ಅಮ್ಮನ ದನಿ. ಅವನು ಬಾಟಲಿ ಹಿಡಿದುಕೊಂಡು ನೀರಿರುವ ಒರತೆಯ ಪಕ್ಕ, ಬೇಕಾದಷ್ಟು ಕುಡಿದು ಬೆಳೆದ ಓಕ್ ಮರದ ಬುಡಕ್ಕೆ ಹೋಗಿ ಬಹಳ ಗಂಭೀರವಾಗಿ ಸುರಿದು ಬಂದ.

ಏಳನೇ ದಿನ: ವಾರ್ನರ್ ಸ್ಪ್ರಿಂಗ್ಸ್, 8 ಮೈಲಿ

ಬೆಳಗಿನ ತಂಪಿನಲ್ಲಿ ಹುಲ್ಲುಗಾವಲು. ಒಂದೊಂದೇ ಲೀಟರ್ ನೀರು. ಬ್ಯಾಗ್ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುವಂತಿತ್ತು. ನಡುವೆ ಈಗಲ್ ರಾಕ್, ರೆಕ್ಕೆ ಬಿಚ್ಚಿ ಕೂತ ಹದ್ದಿನ ಆಕಾರದ ಬಂಡೆ. ಅಲ್ಲಿ ಅರ್ಧ ಗಂಟೆ.

ವಾರ್ನರ್ ಸ್ಪ್ರಿಂಗ್ಸ್ ಹೆಸರಿನಲ್ಲೇ ನೀರಿದೆ. ಅಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಬುಗ್ಗೆ ಸುತ್ತ ಕೂಪಾ ಎನ್ನುವ ಹಳ್ಳಿ ಇತ್ತು, ಕುಪೆನ್ಯೊ ಜನರದ್ದು. ಜಮೀನಿನ ಕಾಗದ ಯಾರ ಹೆಸರಲ್ಲಿದೆ ಎಂಬ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1901ರಲ್ಲಿ ತೀರ್ಪು ಅವರ ವಿರುದ್ಧ ಬಂತು. 1903ರಲ್ಲಿ ಗಾಡಿಗಳಲ್ಲಿ ಸಾಮಾನು ತುಂಬಿಸಿ ಎಲ್ಲರನ್ನೂ ಪಾಲಾ ಎಂಬಲ್ಲಿಗೆ ಸಾಗಿಸಿದರು. ಇಡೀ ವಾರ ನೀರಿಂದ ನೀರಿಗೆ ನಡೆದವನಿಗೆ, ಮನೆ ಬಾಗಿಲಲ್ಲೇ ಬುಗ್ಗೆ ಇದ್ದವರನ್ನು ಅದರಿಂದ ಎಬ್ಬಿಸಿದ ಸಂಗತಿ ಬೇರೆ ತರಹ ತಾಕಿತು.

ಸಮುದಾಯ ಕೇಂದ್ರದಲ್ಲಿ ನಡೆದು ಬಂದವರಿಗೆ ಸ್ನಾನದ ಏರ್ಪಾಡಿತ್ತು. ಷವರ್ ಅಲ್ಲ. ಒಂದು ಬಕೆಟ್ ನೀರು, ಮರೆಗೆ ಒಂದು ಪರದೆ. ಮುಂದೆ ನಿಂತಿದ್ದ ಇಬ್ಬರು ಅಮೆರಿಕನ್ ಹುಡುಗರು ಬಕೆಟ್ ನೋಡಿ ತಬ್ಬಿಬ್ಬಾದರು. ತಲೆಯನ್ನು ಒಳಗೆ ಅದ್ದುವುದೋ, ಬಕೆಟ್ ಎತ್ತಿ ಸುರಿದುಕೊಳ್ಳುವುದೋ? ಒಬ್ಬ ಮೊದಲೇ ಎತ್ತಿ ಸುರಿದುಕೊಂಡು, ಮೈಯೆಲ್ಲ ಸೋಪಾಗಿ, ನೀರಿಲ್ಲದೆ ನಿಂತಿದ್ದ.

ಭಾಮೈದ ತನ್ನ ಅಡುಗೆ ಲೋಟ ಅವನಿಗೆ ಕೊಟ್ಟು ಪಾಠ ಶುರು ಮಾಡಿದ. ಮೊದಲು ಎರಡು ಲೋಟ ಮೈಗೆ. ಆಮೇಲೆ ಸೋಪು. ತಲೆಗೆ ಮೂರು. ಬೆನ್ನಿಗೆ ಹಾಕುವಾಗ ಹೀಗೆ ಭುಜದ ಮೇಲಿಂದ. ನನ್ನ ಸರದಿ ಬಂದಾಗ ಅರ್ಧ ಬಕೆಟ್‌ನಲ್ಲಿ ಸ್ನಾನ ಮುಗಿಸಿ, ಉಳಿದರ್ಧದಲ್ಲಿ ಏಳು ದಿನದ ಕಾಲುಚೀಲ ಒಗೆದು, ಆ ನೀರನ್ನು ಬಕೆಟ್ ಸಮೇತ ಹೊರಗೆ ತಂದೆ.

"ಗೊತ್ತು ಭಾವ" ಎಂದು ಭಾಮೈದ ಬಕೆಟ್ ಇಸ್ಕೊಂಡು ಬೇಲಿ ಪಕ್ಕದ ಗಿಡದ ಕಡೆ ನಡೆದ.